ಹಾಯಿಯನ್ನು ನೂಕುವುದು ಗಾಳಿಯಲ್ಲ, ಬೆಳಕು

‘ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಅಲ್ಲಿ ಹಾಯಿ ಬಿಚ್ಚಿ ಏನು ಪ್ರಯೋಜನ?’ ಹರಪನಹಳ್ಳಿಯ ಓದುಗರೊಬ್ಬರು ಕೇಳಿದ್ದಾರೆ. ಸೊಗಸಾದ ಪ್ರಶ್ನೆ. ಸೌರಮಾರುತವೇ ಹಾಯಿಯನ್ನು ನೂಕುತ್ತದೆಂದು ಬರೆಯುವವರಿದ್ದಾರೆ, ಪಾಠ ಹೇಳುವವರೂ ಇದ್ದಾರೆ. ಈ ತಪ್ಪನ್ನು ಇನ್ನಾದರೂ ಬಿಡಬೇಕು. ಸೂರ್ಯನಿಂದ ಸಿಡಿದು ಬರುವ ಆ ಕಣಗಳ ಒತ್ತಡ ಸಾಮಾನ್ಯವಾಗಿ ಬಿಸಿಲಿನ ಒತ್ತಡದ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. ನೂಕುವುದು ಬೆಳಕೇ. ಕನ್ನಡಿಗೆ ಬಡಿದು ಅದು ಹಿಂದಕ್ಕೆ ಪುಟಿದರೆ ನೂಕು ಇಮ್ಮಡಿ.

ಎಷ್ಟು ನೂಕು? ಕೂಡ್ಲಿಗಿಯ ಒಂದು ಎಕರೆ ಶೇಂಗಾ ಹೊಲದಷ್ಟು ದೊಡ್ಡ ಕನ್ನಡಿಯನ್ನು ಬಾಹ್ಯಾಕಾಶದಲ್ಲಿ ಸೂರ್ಯನಿಗೆ ಎದುರು ಹಿಡಿದರೆ ಸಿಗುವ ಬಲ ನಾಲ್ಕು ಗ್ರಾಂ ತೂಕಕ್ಕೂ ಕಡಿಮೆ!

ಇಷ್ಟೇನಾ ಅನ್ನಬೇಡಿ. ಬೆಂಗಳೂರಿನಲ್ಲಿ ಇಸ್ರೋ ಕಟ್ಟಿ, 1992ರ ಜುಲೈಯಲ್ಲಿ ಕಕ್ಷೆಗೇರಿದ ಇನ್ಸಾಟ್-2ಎ ಉಪಗ್ರಹಕ್ಕೆ ಸೌರಫಲಕ ಇದ್ದದ್ದು ದಕ್ಷಿಣದ ಕಡೆ ಮಾತ್ರ. ಮೋಡಗಳ ಚಿತ್ರ ತೆಗೆಯುವ ಉಪಕರಣದ ಶಾಖಸಂವೇದಕ ಬಹಳ ತಣ್ಣಗಿರಬೇಕು, ಅದಕ್ಕಾಗಿ ಉತ್ತರದ ಮಗ್ಗುಲು ಖಾಲಿ ಆಕಾಶಕ್ಕೆ ತೆರೆದಿರಬೇಕು. ಆದರೆ ಒಂದೇ ಕಡೆ ಫಲಕವಿದ್ದರೆ ಬಿಸಿಲು ಅದನ್ನು ಬಿಡದೆ ನೂಕಿ ಉಪಗ್ರಹವನ್ನೇ ತಿರುಗಿಸಿಬಿಡುತ್ತದೆ. ಅದಕ್ಕೇ ಉತ್ತರಕ್ಕೆ ಉದ್ದನೆಯ ಕೋಲು ಚಾಚಿ, ಅದರ ತುದಿಗೊಂದು ಹಾಯಿ ಕಟ್ಟಿದರು. ಎರಡೂ ಕಡೆಯ ನೂಕು ಸರಿಹೋಯಿತು! ಇಂಥ ಹಾಯಿಹೊತ್ತ ಉಪಗ್ರಹಗಳನ್ನು ನೋಡಿಕೊಂಡದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ಅದಕ್ಕೂ ಮೊದಲು, 1982ರಲ್ಲಿ, ಅಮೆರಿಕದಲ್ಲಿ ತಯಾರಾದ ಇನ್ಸಾಟ್-1ಎ ಉಪಗ್ರಹದ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಆ ಉಪಗ್ರಹ ಅದೇ ವರ್ಷ ಕೈತಪ್ಪಿತು.

ಸೂರ್ಯನಿಂದ ದೂರ ಇಮ್ಮಡಿಯಾದರೆ ಬಿಸಿಲಿನ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಕ್ಷತ್ರಗಳತ್ತ ಹೋಗಬೇಕಾದರೆ ಅಷ್ಟಾಗಿ ಹರಡದ ಬೆಳಕು, ಅಂದರೆ ಲೇಸರ್ ಬೇಕು. 2016ರಲ್ಲಿ ಯೂರಿ ಮಿಲ್ನರ್ ಮತ್ತು ಸ್ಟೀಫನ್ ಹಾಕಿಂಗ್ ಪ್ರಕಟಿಸಿದ ‘ಬ್ರೇಕ್‌ಥ್ರೂ ಸ್ಟಾರ್‌ಶಾಟ್’ ಯೋಜನೆ ಇದೇ: ಕೆಲವೇ ಗ್ರಾಂ ತೂಗುವ, ನಾಲ್ಕು ಮೀಟರ್‌ನಷ್ಟು ಅಗಲದ ಹಾಯಿಗೆ ನೆಲದಿಂದ 100 ಗಿಗಾವ್ಯಾಟ್ ಲೇಸರ್. ಕುಡತಿನಿಯ ವಿದ್ಯುತ್ ಸ್ಥಾವರದಂಥವು ಸುಮಾರು 60 ಸೇರಿದರೆ ಅಷ್ಟು ಶಕ್ತಿ. ಅದರಿಂದ ಹುಟ್ಟುವ ನೂಕಾದರೋ 68 ಕಿಲೋ ತೂಕದಷ್ಟೇ! ಆದರೆ ಹಾಯಿ ಅಷ್ಟು ಹಗುರವಾದ್ದರಿಂದ ಕೆಲವೇ ನಿಮಿಷಗಳಲ್ಲಿ ಬೆಳಕಿನ ವೇಗದ ಐದನೇ ಒಂದು ಪಾಲು ಮುಟ್ಟಬಲ್ಲದು, 4.37 ಜ್ಯೋತಿರ್ವರ್ಷ ದೂರದ ಆಲ್ಫಾ ಸೆಂಟಾರಿಯನ್ನು ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ದಾಟಬಲ್ಲದು. ಕಷ್ಟವಿರುವುದು ಶಾಖದಲ್ಲಿ. ಬಿದ್ದ ಬೆಳಕಿನ ಲಕ್ಷದಲ್ಲೊಂದು ಪಾಲನ್ನು ಹೀರಿದರೂ ಆ ತೆಳು ಹಾಳೆ 10 ಲಕ್ಷ ವ್ಯಾಟ್ ತಡೆದುಕೊಳ್ಳಬೇಕು. ಅಂಥ ಹಾಳೆ ಇನ್ನೂ ತಯಾರಾಗಿಲ್ಲ.

ದೆಹಲಿಯವರಿಗೆ ಆಲ್ಫಾ ಸೆಂಟಾರಿ ಕಾಣುವುದೇ ಕಷ್ಟ. ನಮಗೆ ಆ ತೊಂದರೆಯಿಲ್ಲ. ಮೇ ಮಧ್ಯದಲ್ಲಿ ರಾತ್ರಿ ಹನ್ನೊಂದರ ಮೇಲೆ ಕೊಟ್ಟೂರಿನ ಯಾವುದೇ ಮಾಳಿಗೆ ಹತ್ತಿ ದಕ್ಷಿಣಕ್ಕೆ ನೋಡಿ. ದಿಗಂತದಿಂದ ಸುಮಾರು 14 ಡಿಗ್ರಿ ಮೇಲೆ ಎರಡು ನಕ್ಷತ್ರ ಅಕ್ಕಪಕ್ಕ ಹೊಳೆಯುತ್ತಿರುತ್ತವೆ. ಎಡಗಡೆಯದು, ಹೆಚ್ಚು ಪ್ರಖರವಾದದ್ದು, ಆಲ್ಫಾ ಸೆಂಟಾರಿ.