ಕ್ಲೌಡ್ ಸಂಗ್ರಹದಲ್ಲಿ ಹಸ್ತಪ್ರತಿ ಚಿತ್ರಗಳು: ಸಿಂಕ್ ದೋಷ ಮತ್ತು ಖಾತೆಯ ತೊಡಕುಗಳು

ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವಿರಬೇಕೆ ಬೇಡವೆ ಎಂಬ ಚರ್ಚೆ ಪಂಡಿತವರ್ಗಕ್ಕೆ ಅಪರಿಚಿತವಲ್ಲ. ಹೀರಾಲಾಲ ಜೈನರು 1939ರಲ್ಲಿ ಧವಳಾಟೀಕೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಆಧಾರವಾಗಿದ್ದುದು ಕಾಗದದ ಪ್ರತಿಗಳು. ಅವುಗಳಲ್ಲಿ ಆ ಪದವಿರಲಿಲ್ಲ. ತರುವಾಯ ಮೂಡುಬಿದಿರೆಯ ತಾಡವೋಲೆಗಳನ್ನು ಪರಿಶೀಲಿಸಲಾಗಿ ಪದವು ಅಲ್ಲಿ ಕಂಡುಬಂದಿತು. ಅದರ ಸೈದ್ಧಾಂತಿಕ ವಿಚಾರ ಇಲ್ಲಿ ಅಪ್ರಸ್ತುತ. ಗ್ರಂಥಸಂಪಾದನೆಯ ದೃಷ್ಟಿಯಿಂದ ಗಮನಿಸಬೇಕಾದುದು ಇಷ್ಟೇ: ಪ್ರತಿಯಲ್ಲಾದ ಲೋಪವು ಮಾತೃಕೆಗೆ ತಟ್ಟಲಿಲ್ಲ. ಲಿಪಿಕಾರನ ಕೈ ತಪ್ಪಿದರೂ ಓಲೆಯು ತನ್ನ ಪಾಡಿಗೆ ತಾನು ಬಸದಿಯಲ್ಲಿ ಉಳಿದಿದ್ದುದರಿಂದಲೇ ಪಾಠನಿರ್ಣಯಕ್ಕೆ ಮರಳಿ ನೋಡಲು ಒಂದು ನೆಲೆ ಇದ್ದಿತು.

ಇಂದು ಮಠ, ಬಸದಿ ಹಾಗೂ ಸಂಶೋಧನ ಸಂಸ್ಥೆಗಳ ಶ್ರುತಭಂಡಾರಗಳಲ್ಲಿ ಓಲೆಗರಿಗಳ ಛಾಯಾಚಿತ್ರಗಳನ್ನು ತೆಗೆದು, ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮೊದಲಾದ ಕ್ಲೌಡ್ ಸಂಗ್ರಹಗಳಿಗೆ ಒಪ್ಪಿಸುವುದು ವಾಡಿಕೆಯಾಗಿದೆ. ಕ್ಲೌಡ್ ಎಂಬುದು ಹೆಸರಿಗೆ ಮೋಡವಾದರೂ ಮೇಲೆಲ್ಲಿಯೋ ತೇಲುವ ವಸ್ತುವಲ್ಲ. ಕಂಪನಿಯೊಂದು ದೂರದ ಕಟ್ಟಡಗಳಲ್ಲಿ ಇರಿಸಿ ನಡೆಸುವ ಗಣಕಯಂತ್ರಗಳ ಸಮೂಹ. ಭಂಡಾರದ ಗಣಕದಲ್ಲಿರುವ ಒಂದು ಫೋಲ್ಡರನ್ನೂ ಅಲ್ಲಿಯ ಫೋಲ್ಡರನ್ನೂ ಸದಾ ಒಂದೇ ಸ್ಥಿತಿಯಲ್ಲಿಡುವ ಕ್ರಿಯೆಗೆ ಸಿಂಕ್ ಎಂದು ಹೆಸರು. ಇಲ್ಲಿ ಸೇರಿಸಿದ್ದು ಅಲ್ಲಿಯೂ ಸೇರುತ್ತದೆ, ಇಲ್ಲಿ ತಿದ್ದಿದ್ದು ಅಲ್ಲಿಯೂ ತಿದ್ದಲ್ಪಡುತ್ತದೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಈ ಕೊನೆಯ ಮಾತನ್ನು ಬಹುಮಂದಿ ಮರೆಯುತ್ತಾರೆ. ಸಿಂಕ್ ಆದ ಫೋಲ್ಡರು ಐದು ಗಣಕಗಳಲ್ಲಿ ಕಂಡರೂ ಅದು ಐದು ಪ್ರತಿಗಳಲ್ಲ. ಒಂದೇ ಪ್ರತಿಯನ್ನು ಐದು ಕಿಟಕಿಗಳಿಂದ ನೋಡಿದಂತೆ. ಮೂಡುಬಿದಿರೆಯ ಓಲೆಗಳಿಗೂ ಕಾಗದದ ಪ್ರತಿಗಳಿಗೂ ಇಂತಹ ಸಂಬಂಧವಿದ್ದಿದ್ದರೆ ‘ಸಂಜದ’ ಪದವು ಎಲ್ಲೆಡೆಯಿಂದಲೂ ಏಕಕಾಲಕ್ಕೆ ಮಾಯವಾಗುತ್ತಿತ್ತು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಶಾಸ್ತ್ರದಾನದ ಪದ್ಧತಿಗೂ ಸಿಂಕಿಗೂ ಇರುವ ವ್ಯತ್ಯಾಸ ಇದೇ.

ಕಡತಗಳು ಕಾಣದಾದಾಗ ಮೊದಲು ಮಾಡಬೇಕಾದುದು ಸಿಂಕನ್ನು ತಡೆಹಿಡಿಯುವುದು. ಮೂರೂ ಸಂಸ್ಥೆಗಳ ತಂತ್ರಾಂಶದಲ್ಲಿ ಇದಕ್ಕೆ ಅವಕಾಶವಿದೆ. ತೋಚದಿದ್ದರೆ ಅಂತರಜಾಲದ ಸಂಪರ್ಕವನ್ನು ಕಡಿದರೂ ಸಾಕು. ಅನಂತರ ಬೇರೊಂದು ಗಣಕದಿಂದ ಬ್ರೌಸರಿನ ಮೂಲಕ ಖಾತೆಯನ್ನು ತೆರೆದು ನೋಡಬೇಕು. ಅಲ್ಲಿ ಕಡತಗಳಿದ್ದರೆ ದೋಷ ಭಂಡಾರದ ಗಣಕಕ್ಕೆ ಸೀಮಿತ; ಅಲ್ಲಿಯೂ ಇಲ್ಲದಿದ್ದರೆ ಕಸದ ಬುಟ್ಟಿಯನ್ನು ನೋಡಬೇಕು. ಗೂಗಲ್ ಡ್ರೈವಿನಲ್ಲಿ ಅಳಿಸಿದ ಕಡತಗಳು ಬುಟ್ಟಿಯಲ್ಲಿ 30 ದಿನ ಉಳಿದು ಬಳಿಕ ತಾವಾಗಿಯೇ ನಾಶವಾಗುತ್ತವೆ. ಒನ್‌ಡ್ರೈವಿನ ವೈಯಕ್ತಿಕ ಖಾತೆಗೂ, ಡ್ರಾಪ್‌ಬಾಕ್ಸಿನ ಉಚಿತ ಖಾತೆಗೂ ಅವಧಿ ಅಷ್ಟೇ. ಭಂಡಾರದ ಗಣಕವನ್ನು ಎರಡು ಮೂರು ತಿಂಗಳಿಗೊಮ್ಮೆ ತೆರೆಯುವ ರೂಢಿಯಿರುವಲ್ಲಿ ಈ 30 ದಿನಗಳು ಕಣ್ಣಿಗೆ ಬೀಳದೆಯೇ ಕಳೆದುಹೋಗುತ್ತವೆಂಬುದು ಚಿಂತಿಸಬೇಕಾದ ಸಂಗತಿ.

ಗಾಬರಿಯಲ್ಲಿ ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕುವುದು, ಖಾತೆಯನ್ನು ಗಣಕದಿಂದ ಬೇರ್ಪಡಿಸುವುದು ಇವು ಕೂಡದು. 2023ರ ನವೆಂಬರಿನಲ್ಲಿ ಗೂಗಲ್ ಡ್ರೈವಿನ ಗಣಕ ತಂತ್ರಾಂಶವನ್ನು ಬಳಸುತ್ತಿದ್ದ ಕೆಲವರ ಕಡತಗಳು ಕಾಣದಾದವು. ದೋಷ ಆ ತಂತ್ರಾಂಶದ 84ನೆಯ ಆವೃತ್ತಿಯದು. ಆಗ ಕಂಪನಿಯು ಬಳಕೆದಾರರಿಗೆ ಕೊಟ್ಟ ಸೂಚನೆ, ಖಾತೆಯನ್ನು ಬೇರ್ಪಡಿಸಬಾರದು, ತಂತ್ರಾಂಶದ ಒಳ ಫೋಲ್ಡರನ್ನು ಅಳಿಸಬಾರದು, ಸ್ಥಳಾಂತರಿಸಲೂಬಾರದು ಎಂಬುದು. ಮೇಲಕ್ಕೆ ಹೋಗದೆ ಉಳಿದ ಕಡತಗಳು ಆ ಒಳ ಫೋಲ್ಡರಿನಲ್ಲಿಯೇ ಇರುವ ಸಂಭವವಿದ್ದುದೇ ಇದಕ್ಕೆ ಕಾರಣ. ಡಿಸೆಂಬರಿನಲ್ಲಿ ಅವುಗಳನ್ನು ಹಿಂಪಡೆಯುವ ಸಾಧನವೂ ಹೊಸ ಆವೃತ್ತಿಯೊಡನೆ ಬಂದಿತು. ಕೈ ಹಾಕದೆ ಕಾದಿದ್ದವರಿಗೆ ಅದರ ಪ್ರಯೋಜನ ಹೆಚ್ಚು. ಅಂಟಿಕೊಂಡ ಗರಿಗಳನ್ನು ಉಗುರಿನಿಂದ ಬಿಡಿಸಲು ಹೋಗಬಾರದೆಂದು ಭಂಡಾರಗಳಲ್ಲಿ ಕಿರಿಯರಿಗೆ ಹೇಳುವ ಮಾತು ಇಲ್ಲಿಯೂ ಸಲ್ಲುತ್ತದೆ.

ಕಡತದ ಹೆಸರು ಕಾಣುತ್ತದೆ, ತೆರೆದರೆ ತೆರೆಯದು ಎಂಬ ದೂರು ಇನ್ನೊಂದು ಬಗೆಯದು. ಗಣಕದ ಸ್ಥಳವನ್ನು ಉಳಿಸುವ ಸಲುವಾಗಿ ಈ ತಂತ್ರಾಂಶಗಳು ಹೆಸರನ್ನು ಮಾತ್ರ ಇಲ್ಲಿ ತೋರಿಸಿ ಒಡಲನ್ನು ದೂರದಲ್ಲಿಯೇ ಇಟ್ಟಿರುವುದುಂಟು. ಹಲಗೆಗಳೂ ದಾರವೂ ಇದ್ದು ಗರಿಗಳಿಲ್ಲದ ಕಟ್ಟಿನಂತೆ. ಅಂತರಜಾಲ ಇಲ್ಲದಾಗ ಇವು ನಿರುಪಯುಕ್ತ. ಕಡತದ ಗುಣವಿವರಗಳಲ್ಲಿ ಡಿಸ್ಕಿನ ಮೇಲೆ ಆಕ್ರಮಿಸಿದ ಸ್ಥಳ ಸೊನ್ನೆಯೆಂದಿದ್ದರೆ ಒಡಲು ಇಲ್ಲಿಲ್ಲವೆಂದು ತಿಳಿಯಬೇಕು. ಭಂಡಾರದ ಮುಖ್ಯ ಗಣಕದಲ್ಲಾದರೂ ಒಡಲು ಸಹಿತ ಇಡುವ ಕ್ರಮವನ್ನು ಆರಿಸಿಕೊಳ್ಳುವುದು ಯುಕ್ತ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಒದಗುವ ತೊಡಕೊಂದುಂಟು. ಅದನ್ನು ತುಸು ವಿಸ್ತಾರವಾಗಿ ನೋಡಬೇಕು. ‘ಗೊಮ್ಮಟಸಾರ’ ಎಂಬ ಹೆಸರಿನ ಮೊದಲ ಅಕ್ಷರದ ಒತ್ವವನ್ನು ಯೂನಿಕೋಡ್ ವ್ಯವಸ್ಥೆಯಲ್ಲಿ ಎರಡು ರೀತಿಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎತ್ವ ಮತ್ತು ಊತ್ವದ ಚಿಹ್ನೆಗಳೆಂಬ ಎರಡು ಸಂಕೇತಗಳ ಜೋಡಣೆಯಾಗಿ. ಓತ್ವವಾದರೆ ಮೂರು ಸಂಕೇತಗಳು. ಈತ್ವ, ಏತ್ವ, ಐತ್ವಗಳಿಗೂ ಇಂತಹ ವಿಕಲ್ಪವಿದೆ. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಎರಡು ಬೇರೆ ಹೆಸರುಗಳು. ಆಪಲ್ ಗಣಕಗಳ ಹಳೆಯ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ವಿಂಡೋಸ್ ಗಣಕವು ಬಂದದ್ದನ್ನು ಬಂದ ಹಾಗೆ ಇಡುತ್ತದೆ. ಇಬ್ಬರು ಸಹಾಯಕರು ಈ ಎರಡು ಬಗೆಯ ಗಣಕಗಳಿಂದ ಒಂದೇ ಫೋಲ್ಡರಿಗೆ ಕೆಲಸ ಮಾಡಿದಾಗ ‘ಗೊಮ್ಮಟಸಾರ’ ಎಂಬ ಎರಡು ಕಡತಗಳು ಅಕ್ಕಪಕ್ಕ ಕಾಣಿಸಿಕೊಳ್ಳಬಹುದು. ಡ್ರಾಪ್‌ಬಾಕ್ಸ್ ಇದನ್ನು ಗುರುತಿಸಿ ಒಂದರ ಹೆಸರಿಗೆ ಯೂನಿಕೋಡ್ ಸಂಘರ್ಷವೆಂಬ ಟಿಪ್ಪಣಿಯನ್ನು ತಾನೇ ಸೇರಿಸುತ್ತದೆ. ಕನ್ನಡ ಬೆರಳಚ್ಚಿನಲ್ಲಿ ವ್ಯಂಜನಗಳನ್ನು ಬೇರ್ಪಡಿಸಲು ಬಳಸುವ ಕಾಣದ ಚಿಹ್ನೆಗಳೂ ಇದೇ ಭ್ರಮೆಯನ್ನು ಉಂಟುಮಾಡುತ್ತವೆ. ಹೆಸರು ಒಂದೇ ಎಂದು ತಿಳಿದು ಒಂದನ್ನು ಅಳಿಸುವ ಮುನ್ನ ಎರಡನ್ನೂ ತೆರೆದು ಒಳಗನ್ನು ಹೋಲಿಸುವುದು ಅಗತ್ಯ. (ಹಳಗನ್ನಡದ ೞಕಾರವನ್ನು ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರಿನಿಂದ ಸೇರಿಸಲಾಗಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಅಕ್ಷರದ ಬಳಕೆಗೆ ಇದರಿಂದ ಬಾಧಕವಿಲ್ಲ.)

ಹಸ್ತಪ್ರತಿಗಳ ಕ್ರಮಸಂಖ್ಯೆಯನ್ನು ಓರೆಗೆರೆ ಹಾಕಿ 123/4 ಎಂದು ಬರೆಯುವುದು ನಮ್ಮ ಸೂಚಿಗಳ ಪರಿಪಾಠ. ಕಡತದ ಹೆಸರಿನಲ್ಲಿ ವಿಂಡೋಸ್ ಆಗಲಿ ಒನ್‌ಡ್ರೈವ್ ಆಗಲಿ ಓರೆಗೆರೆಯನ್ನು ಒಪ್ಪುವುದಿಲ್ಲ. ವಿವರಣಬಿಂದು, ಪ್ರಶ್ನಚಿಹ್ನೆ, ನಕ್ಷತ್ರಚಿಹ್ನೆಗಳೂ ನಿಷಿದ್ಧ. ಫೋಲ್ಡರಿನೊಳಗೆ ಫೋಲ್ಡರುಗಳನ್ನಿಟ್ಟು ಪ್ರತಿಯೊಂದಕ್ಕೂ ಗ್ರಂಥ, ಕರ್ತೃ, ಟೀಕಾಕಾರರ ಹೆಸರುಗಳನ್ನು ಪೂರ್ಣವಾಗಿ ಬರೆದರೆ ಒಟ್ಟು ದಾರಿಯ ಉದ್ದವು ವಿಂಡೋಸಿನ 260 ಅಕ್ಷರಗಳ ಸಾಮಾನ್ಯ ಮಿತಿಯನ್ನು ಮೀರಿ ಸಿಂಕ್ ನಿಂತುಬಿಡಬಹುದು. ಕನ್ನಡದ ಒಂದು ಸಂಯುಕ್ತಾಕ್ಷರಕ್ಕೆ ಮೂರು ನಾಲ್ಕು ಸಂಕೇತಗಳು ಬೇಕಾಗುವುದರಿಂದ ಆ ಮಿತಿ ಬೇಗನೆ ತುಂಬುತ್ತದೆ. ಆದುದರಿಂದ ಚಿತ್ರಗಳ ಹೆಸರನ್ನು ರೋಮನ್ ಅಕ್ಷರ ಹಾಗೂ ಅಂಕಿಗಳಲ್ಲಿ ಚಿಕ್ಕದಾಗಿಟ್ಟು, ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಂಬದಿ ಹಿಂಬದಿಗಳ ಗುರುತು ಇಷ್ಟನ್ನೇ ಸೂಚಿಸಿ, ಗ್ರಂಥನಾಮಾದಿಗಳನ್ನು ಪ್ರತ್ಯೇಕ ಸೂಚಿಯಲ್ಲಿ ಕನ್ನಡದಲ್ಲಿಯೇ ಬರೆಯುವುದು ಸದ್ಯಕ್ಕೆ ಕ್ಷೇಮ. ಕನ್ನಡಾಭಿಮಾನಿಗಳಿಗೆ ಇದು ಅಪ್ರಿಯವಾದೀತು. ಆದರೆ ಗರಿಯ ಚಿತ್ರವೇ ಕಳೆದುಹೋಗುವುದು ಅದಕ್ಕಿಂತ ಅಪ್ರಿಯ.

ಲಿಪ್ಯಂತರದ ಕಡತಗಳ ವಿಚಾರದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಹರಡಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪಾಠವನ್ನು ಕ್ಲೌಡಿನಲ್ಲಿಯೋ ಮೊಬೈಲಿನಲ್ಲಿಯೋ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಕಡತ ಕೆಟ್ಟಿತೆಂದು ಅದನ್ನು ಅಳಿಸಿದರೆ ಸಿಂಕಿನ ಮೂಲಕ ಒಳ್ಳೆಯ ಕಡತವೇ ನಾಶವಾಗುತ್ತದೆ. ಅಲ್ಲಿ ಕೆಟ್ಟಿರುವುದು ಪಾಠವಲ್ಲ, ನೋಡುವ ಯಂತ್ರದಲ್ಲಿ ಆ ಅಕ್ಷರವಿನ್ಯಾಸವಿಲ್ಲ, ಅಷ್ಟೇ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತನೆಯ ಬಳಿಕ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಗರಿಯ ಚಿತ್ರದೊಡನೆ ಮತ್ತೊಮ್ಮೆ ತಾಳೆ ನೋಡಬೇಕು.

ಇಬ್ಬರು ವಿದ್ವಾಂಸರು ಒಂದೇ ಲಿಪ್ಯಂತರವನ್ನು ಸಂಪರ್ಕವಿಲ್ಲದ ವೇಳೆಯಲ್ಲಿ ಬೇರೆ ಬೇರೆಯಾಗಿ ತಿದ್ದಿದಾಗ, ಯಾವುದು ಗ್ರಾಹ್ಯವೆಂದು ತಂತ್ರಾಂಶಕ್ಕೆ ತಿಳಿಯದು. ಡ್ರಾಪ್‌ಬಾಕ್ಸ್ ಆಗ ಎರಡನ್ನೂ ಉಳಿಸಿ ಒಂದಕ್ಕೆ ಸಂಘರ್ಷದ ಪ್ರತಿಯೆಂಬ ಹೆಸರು, ದಿನಾಂಕಗಳನ್ನು ಸೇರಿಸುತ್ತದೆ; ಒನ್‌ಡ್ರೈವ್ ಗಣಕದ ಹೆಸರನ್ನು ಸೇರಿಸುತ್ತದೆ. ಇವನ್ನು ಕಸವೆಂದು ಭಾವಿಸಿ ತೆಗೆದುಹಾಕುವವರುಂಟು. ಈಚಿನ ದಿನಾಂಕದ್ದೇ ಶುದ್ಧವೆಂಬ ನಿಯಮ ಗ್ರಂಥಸಂಪಾದನೆಯಲ್ಲಿ ಎಂದೂ ಇರಲಿಲ್ಲ. ಎರಡನ್ನೂ ಎರಡು ಪ್ರತಿಗಳೆಂದೇ ಎಣಿಸಿ, ಪಾಠಾಂತರಗಳನ್ನು ಗುರುತಿಸಿ, ಓಲೆಯ ಚಿತ್ರವನ್ನು ನೋಡಿ ನಿರ್ಣಯಿಸಬೇಕು. ಈ ಕೆಲಸದಲ್ಲಿ ಪಂಡಿತರಿಗೆ ಗಣಕತಜ್ಞರ ನೆರವು ಬೇಕಿಲ್ಲ.

ಸ್ಥಳಾಭಾವದ ಲೆಕ್ಕವನ್ನೂ ನೋಡಬೇಕು. 150 ಗರಿಗಳ ಒಂದು ಕಟ್ಟಿಗೆ ಎರಡು ಬದಿಗಳೂ ಸೇರಿ 300 ಚಿತ್ರಗಳಾಗುತ್ತವೆ. ಚಿತ್ರವೊಂದು 50 ಮೆಗಾಬೈಟ್ ಇದ್ದರೆ ಒಟ್ಟು 15 ಗಿಗಾಬೈಟ್. ಗೂಗಲ್ ಉಚಿತವಾಗಿ ಕೊಡುವ ಸ್ಥಳವೂ ಅಷ್ಟೇ, ಅದರಲ್ಲಿಯೇ ಅಂಚೆಯೂ ಛಾಯಾಚಿತ್ರಗಳೂ ಸೇರಬೇಕು. ಎಂದರೆ ಒಂದು ಕಟ್ಟಿಗೂ ಸಾಲದು. ಸ್ಥಳ ತುಂಬಿದ ಮೇಲೆ ಹೊಸ ಚಿತ್ರಗಳು ಮೇಲಕ್ಕೆ ಹೋಗುವುದಿಲ್ಲ, ಆ ಖಾತೆಯ ಅಂಚೆಯೂ ನಿಲ್ಲುತ್ತದೆ. ಇದನ್ನು ಸಿಂಕ್ ದೋಷವೆಂದು ತಿಳಿದು ದಿನಗಟ್ಟಲೆ ಹುಡುಕುವುದು ವ್ಯರ್ಥ. ಗಣಕದ ದಿನಾಂಕ, ಸಮಯ ತಪ್ಪಾಗಿದ್ದರೂ ಸುರಕ್ಷಿತ ಸಂಪರ್ಕ ಏರ್ಪಡದೆ ಸಿಂಕ್ ನಿಲ್ಲಬಹುದು. ಒಳಗಿನ ಚಿಕ್ಕ ಬ್ಯಾಟರಿ ಸವೆದ ಹಳೆಯ ಗಣಕಗಳಲ್ಲಿ ಇದು ಸಾಮಾನ್ಯ.

ಕಡತಗಳ ತೊಡಕಿಗಿಂತ ಖಾತೆಯ ತೊಡಕು ಗಂಭೀರವಾದುದು. ಭಂಡಾರದ ಚಿತ್ರಗಳನ್ನು ಉತ್ಸಾಹಿ ಸಹಾಯಕರೊಬ್ಬರು ತಮ್ಮ ಸ್ವಂತ ಖಾತೆಯಲ್ಲಿ, ಸ್ವಂತ ಮೊಬೈಲ್ ಸಂಖ್ಯೆ ಕೊಟ್ಟು ಇಟ್ಟಿರುತ್ತಾರೆ. ಅವರು ಬೇರೆ ಊರಿಗೆ ಹೋದರೆ, ಸಂಖ್ಯೆ ಬದಲಾದರೆ, ಅಥವಾ ತೀರಿಕೊಂಡರೆ ಒಳಹೋಗಲು ಬೇಕಾದ ಒಮ್ಮೆಯ ಗುಪ್ತಸಂಖ್ಯೆ ಯಾರ ಕೈಗೂ ದೊರೆಯದು. ಗೂಗಲ್ ಡ್ರೈವಿನಲ್ಲಿ ಕಡತಕ್ಕೆ ಒಬ್ಬ ಒಡೆಯನಿರುತ್ತಾನೆ. ಹಂಚಿಕೊಂಡವರಿಗೆ ನೋಡುವ, ತಿದ್ದುವ ಅನುಮತಿ ಮಾತ್ರ. ಒಡೆಯನ ಖಾತೆ ಅಳಿದರೆ ಹಂಚಿಕೊಂಡವರ ಪಾಲಿಗೂ ಕಡತ ಅಳಿಯುತ್ತದೆ. 2023ರ ಮೇ ತಿಂಗಳಲ್ಲಿ ಪ್ರಕಟವಾದ ನಿಯಮದಂತೆ, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಒಳಗಿನ ಸಾಮಗ್ರಿಯೊಡನೆ ಗೂಗಲ್ ಅಳಿಸಬಹುದು. ಆ ವರ್ಷದ ಡಿಸೆಂಬರಿನಿಂದ ಅದು ಜಾರಿಗೆ ಬಂದಿದೆ. ಸಂಸ್ಥೆಗಳ ಖಾತೆಗೆ ಈ ನಿಯಮ ಅನ್ವಯಿಸದು. ಸಂಸ್ಥೆಯ ಹೆಸರಿನಲ್ಲಿಯೇ ಖಾತೆ ಪಡೆದು, ಕಡತಗಳ ಒಡೆತನ ವ್ಯಕ್ತಿಗಲ್ಲದೆ ಸಂಸ್ಥೆಗೆ ಸೇರುವ ಹಂಚಿಕೆಯ ಡ್ರೈವಿನಲ್ಲಿ ಚಿತ್ರಗಳನ್ನಿಡುವುದೇ ಮೇಲು. ಅದು ಸಾಧ್ಯವಾಗದಿದ್ದಲ್ಲಿ ಗೂಗಲ್ಲಿನ ನಿಷ್ಕ್ರಿಯ ಖಾತೆಯ ವ್ಯವಸ್ಥೆಯಲ್ಲಿ 3ರಿಂದ 18 ತಿಂಗಳವರೆಗಿನ ಅವಧಿಯನ್ನು ಗೊತ್ತುಮಾಡಿ, ಅನಂತರ ಸಾಮಗ್ರಿ ಯಾರಿಗೆ ದೊರೆಯಬೇಕೆಂದು 10 ಜನರವರೆಗೆ ಹೆಸರಿಸಬಹುದು.

ಪಾಸ್‌ವರ್ಡ್ ಮರೆತಾಗ ಖಾತೆಯನ್ನು ಮರಳಿ ಪಡೆಯುವ ಪ್ರಯತ್ನವನ್ನು ಹಿಂದೆ ಬಳಸುತ್ತಿದ್ದ ಗಣಕದಿಂದಲೇ, ಅದೇ ಸ್ಥಳದಿಂದಲೇ ಮಾಡಬೇಕು. ಪರಿಚಿತ ಯಂತ್ರವೆಂಬುದು ಒಡೆತನಕ್ಕೆ ಒಂದು ಸಾಕ್ಷ್ಯ. ನೆರವು ನೀಡುವೆವೆಂದು ತಾವಾಗಿ ಕರೆ ಮಾಡಿ ಗುಪ್ತಸಂಖ್ಯೆ ಕೇಳುವವರಿಗೆ ಅದನ್ನು ಕೊಡಲೇಬಾರದು. ಎರಡು ಹಂತದ ಪರಿಶೀಲನೆಯನ್ನು ಇಟ್ಟುಕೊಂಡವರಿಗೆ ಗೂಗಲ್ 10 ಬದಲಿ ಸಂಕೇತಗಳನ್ನು ಕೊಡುತ್ತದೆ. ಪ್ರತಿಯೊಂದೂ ಒಮ್ಮೆ ಮಾತ್ರ ಸಲ್ಲುತ್ತದೆ. ಅವನ್ನು ಕಾಗದದ ಮೇಲೆ ಬರೆದು, ಮುಚ್ಚಿದ ಲಕೋಟೆಯಲ್ಲಿ ಭಂಡಾರದ ಬೀಗದ ಕೈಯೊಡನೆ ಇಡಬಹುದು. ಫೋನಿನಲ್ಲಿಯೇ ಇಟ್ಟರೆ ಫೋನಿನೊಡನೆ ಅವೂ ಹೋಗುತ್ತವೆ.

ಇಷ್ಟಾದರೂ ಸಿಂಕಿಗೆ ಒಳಪಡದ ಪ್ರತಿಯೊಂದು ಇರಲೇಬೇಕು. ಹೊರಗಿನ ಹಾರ್ಡ್‌ಡಿಸ್ಕಿಗೆ ಚಿತ್ರಗಳನ್ನು ಇಳಿಸಿ, ಗಣಕದಿಂದ ಬಿಡಿಸಿ, ಬೇರೊಂದು ಊರಿನ ಭಂಡಾರದಲ್ಲಿ ಇಡಬೇಕು. ಶ್ರುತಪಂಚಮಿಯಂದು ಕಟ್ಟುಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟುವ ಸಂಪ್ರದಾಯವಿರುವೆಡೆಗಳಲ್ಲಿ ಅದೇ ದಿನ ಆ ಡಿಸ್ಕನ್ನೂ ತೆರೆದು, ಖಾತೆಗೆ ಒಮ್ಮೆ ಪ್ರವೇಶಿಸಿ, ಕಟ್ಟಿಗೊಂದರಂತೆ ಚಿತ್ರಗಳ ಸಂಖ್ಯೆಯನ್ನು ಸೂಚಿಯೊಡನೆ ಎಣಿಸಿ ನೋಡಬಹುದು. 300 ಇರಬೇಕಾದಲ್ಲಿ 298 ಇದ್ದರೆ ಯಾವ ಗರಿಯದೆಂದು ಅಂದೇ ಗುರುತಿಸಿಕೊಳ್ಳಬೇಕು. ಓಲೆಯು ಕೈಯಳತೆಯಲ್ಲಿ ತೆರೆದಿರುವುದರಿಂದ ಚಿತ್ರವನ್ನು ಆಗಲೇ ಮತ್ತೆ ತೆಗೆಯಬಹುದು.