1991 ಸಿಸಿಯ ಗುಟ್ಟು

1945ರಲ್ಲಿ ಯುದ್ಧ ಮುಗಿದಾಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಬ್ಯಾನರ್ ಲೇನ್ ಕಾರ್ಖಾನೆಗೆ ಕೈತುಂಬ ಯಂತ್ರಗಳಿದ್ದವು, ಮಾಡಲು ಕೆಲಸವಿರಲಿಲ್ಲ. ಅಲ್ಲಿಯವರೆಗೆ ವಿಮಾನಗಳ ಹರ್ಕ್ಯುಲಿಸ್ ಎಂಜಿನ್ ತಯಾರಾಗುತ್ತಿದ್ದ ಜಾಗ ಅದು. ಅದನ್ನು ನಡೆಸುತ್ತಿದ್ದ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಮುಖ್ಯಸ್ಥ ಸರ್ ಜಾನ್ ಬ್ಲ್ಯಾಕ್, ಅಷ್ಟು ದೊಡ್ಡ ಕಟ್ಟಡವನ್ನು ತುಂಬಿಸುವ ದಾರಿ ಹುಡುಕುತ್ತಿದ್ದ. ಇತ್ತ ಹ್ಯಾರಿ ಫರ್ಗ್ಯುಸನ್ ಎಂಬ ಹಟಮಾರಿ ಐರಿಷ್ ಮನುಷ್ಯನ ಬಳಿ ಒಂದು ಸೊಗಸಾದ ಟ್ರ್ಯಾಕ್ಟರಿನ ನಕ್ಷೆಯಿತ್ತು, ಕಾರ್ಖಾನೆಯಿರಲಿಲ್ಲ. ಇಬ್ಬರ ಕೊರತೆಗಳೂ ಒಂದಕ್ಕೊಂದು ಸರಿಹೊಂದಿದವು. 1946ರಲ್ಲಿ ಬ್ಯಾನರ್ ಲೇನಿನಿಂದ ಟಿಇ20 ಎಂಬ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರ್ ಹೊರಬಿತ್ತು.

ಆದರೆ ಅದರ ಹೃದಯ ಪರದೇಶಿ. ಸ್ಟ್ಯಾಂಡರ್ಡ್ ಬಳಿ ತಕ್ಕ ಎಂಜಿನ್ ಇರಲಿಲ್ಲ, ಹಾಗಾಗಿ ಅಮೆರಿಕದ ಕಾಂಟಿನೆಂಟಲ್ ಎಂಜಿನ್ ತರಿಸಬೇಕಾಯಿತು. ಯುದ್ಧದಲ್ಲಿ ಬರಿದಾಗಿದ್ದ ಬ್ರಿಟನ್ನಿಗೆ ಆಗ ಒಂದೊಂದು ಡಾಲರೂ ಲೆಕ್ಕದ್ದು. ಸ್ವಂತ ಎಂಜಿನ್ ಮಾಡಲೇಬೇಕಿತ್ತು. ಅಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಬ್ಲ್ಯಾಕ್ ಇನ್ನೊಂದು ಪಂತ ಕಟ್ಟಿದ್ದ: ಕಂಪನಿಯ ಹಳೆಯ ಮಾದರಿಗಳನ್ನೆಲ್ಲ ಬದಿಗಿಟ್ಟು ಒಂದೇ ಕಾರು ಮಾಡುವುದು, ಅದನ್ನೇ ಜಗತ್ತಿಗೆಲ್ಲ ಮಾರುವುದು. ಆ ಕಾರಿಗೆ ವ್ಯಾನ್‌ಗಾರ್ಡ್ ಎಂಬ ಹೆಸರೂ ಸಿದ್ಧವಾಯಿತು. ಎರಡು ಎಂಜಿನ್‌ಗೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ಹೊಲ ಉಳುವುದಕ್ಕೂ ರಸ್ತೆಯಲ್ಲಿ ಓಡುವುದಕ್ಕೂ ಒಂದೇ ಸಾಕಾಗಬೇಕಿತ್ತು.

ಇಲ್ಲಿ ಎಂಜಿನಿಯರುಗಳಿಗೆ ತಲೆನೋವು ಶುರುವಾಯಿತು. ಟಿಇ20ಗೆ ಚಾಸಿಯೇ ಇರಲಿಲ್ಲ. ಮುಂದಿನ ಅಚ್ಚು, ಎಂಜಿನ್, ಗೇರ್‌ಬಾಕ್ಸ್ ಬೋಲ್ಟಿನಲ್ಲಿ ಒಂದಕ್ಕೊಂದು ಬಿಗಿದುಕೊಂಡು, ಎಂಜಿನ್ನೇ ಬೆನ್ನೆಲುಬಿನಂತೆ ಇಡೀ ಭಾರ ಹೊರಬೇಕಿತ್ತು. ಅದಕ್ಕೆ ತಳದ ಎಣ್ಣೆತೊಟ್ಟಿಯನ್ನೂ ದಪ್ಪ ಎರಕದ ಕಬ್ಬಿಣದಲ್ಲಿ ಮಾಡಬೇಕಾಯಿತು. ಕಾರಿನಲ್ಲಿ ಅದೇ ಎಂಜಿನ್ ಸದ್ದು ಮಾಡದೆ ರಬ್ಬರ್ ಮೆತ್ತೆಯ ಮೇಲೆ ಕೂರಬೇಕು. ಟ್ರ್ಯಾಕ್ಟರ್, ವೇಗಕ್ಕೆ ಕಡಿವಾಣ ಹಾಕುವ ಗವರ್ನರಿನ ಹಿಡಿತದಲ್ಲಿ, ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲೇ ದಿನವಿಡೀ ದುಡಿಯುತ್ತದೆ. ಕಾರಿಗೆ ಅದರ ಎರಡರಷ್ಟು ಬೇಕು. ಕೊನೆಗೆ ಟ್ರ್ಯಾಕ್ಟರಿಗೆ 1850 ಸಿಸಿ, ವ್ಯಾನ್‌ಗಾರ್ಡ್‌ಗೆ 2088 ಸಿಸಿ ಎಂದು ನಿರ್ಧಾರವಾಯಿತು. ಸಿಸಿ ಬೇರೆ, ಎಂಜಿನ್ ಅದೇ. ವ್ಯಾನ್‌ಗಾರ್ಡಿನ ಹಿಂಭಾಗ ಬೋಳಿಸಿ ಪಿಕಪ್ ಮಾಡಿದರು, ಮುಚ್ಚಿ ವ್ಯಾನ್ ಮಾಡಿದರು; ಬಾನೆಟ್ಟಿನ ಕೆಳಗೆ ಕೈಯಿಡಲೇ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಮಿತವ್ಯಯದ ಕತೆಯಾಗಿ ಮುಗಿಯುತ್ತಿತ್ತು. ಆದರೆ ಮಾರ್ಗನ್ ಎಂಬ ಸಣ್ಣ ಕಂಪನಿ 1950ರಲ್ಲಿ ಇದೇ ಎಂಜಿನ್ ಕೊಂಡು ತನ್ನ ಹಗುರ ಸ್ಪೋರ್ಟ್ಸ್ ಕಾರಿಗೆ ಹಾಕಿತು, ಅದು ಚೆನ್ನಾಗಿಯೇ ಓಡಿತು. ಬ್ಲ್ಯಾಕ್‌ಗೆ ಆಸೆ ಹುಟ್ಟಿತು. ಮಾರ್ಗನ್ ಕಂಪನಿಯನ್ನೇ ಕೊಳ್ಳಲು ಹೋದ, ಅವರು ಒಪ್ಪಲಿಲ್ಲ. ಮುಖಭಂಗವಾದ ಮೇಲೆ ತಾನೇ ಒಂದು ಮಾಡಿಸುತ್ತೇನೆಂದು ಹೊರಟ. ಯುದ್ಧಕ್ಕೆ ಮುಂಚಿನ ಒಂದು ಸಣ್ಣ ಕಾರಿನ ಚಾಸಿಯನ್ನು ಹೊರತೆಗೆದು ಅದರ ಮೇಲೆ ಹೊಸ ಮೈ ಕಟ್ಟಿ, 1952ರ ಅಕ್ಟೋಬರಿನಲ್ಲಿ ಲಂಡನ್ ಪ್ರದರ್ಶನದಲ್ಲಿ ನಿಲ್ಲಿಸಿದರು. ಪಂದ್ಯದ ಕಾರುಗಳಲ್ಲಿ ಪಳಗಿದ್ದ ಕೆನ್ ರಿಚರ್ಡ್‌ಸನ್‌ನನ್ನು ಕರೆಸಿ ಓಡಿಸಿ ನೋಡು ಎಂದರು. ಆತ ಇಳಿದು ಬಂದವನೇ ಮುಲಾಜಿಲ್ಲದೆ, ಇದು ಸಾಯಿಸುವ ಗಾಡಿ ಎಂಬರ್ಥದ ಮಾತಾಡಿದ. ಬ್ಲ್ಯಾಕ್ ಅವನನ್ನು ಹೊರಗೆ ಹಾಕಲಿಲ್ಲ, ಕೆಲಸಕ್ಕೆ ಸೇರಿಸಿಕೊಂಡ. ಆ ಮನುಷ್ಯನ ಇಡೀ ವೃತ್ತಿಜೀವನದಲ್ಲಿ ಇದಕ್ಕಿಂತ ಜಾಣ ನಿರ್ಧಾರ ಇನ್ನೊಂದಿರಲಾರದು.

ಮುಂದಿನ ತಿಂಗಳುಗಳಲ್ಲಿ ಚಾಸಿ ಹೊಸದಾಯಿತು. ಎರಡು ಲೀಟರಿನೊಳಗಿನ ಪಂದ್ಯಗಳಿಗೆ ಹೊಂದಲೆಂದು ಎಂಜಿನ್ 1991 ಸಿಸಿಗೆ ಇಳಿಯಿತು. ಜೋಡಿ ಕಾರ್ಬುರೇಟರ್ ಬಂತು, ಕಂಪ್ರೆಶನ್ ಏರಿತು. ವ್ಯಾನ್‌ಗಾರ್ಡಿನಲ್ಲಿ 68 ಅಶ್ವಶಕ್ತಿ ಕೊಡುತ್ತಿದ್ದದ್ದು ಈಗ 90 ಕೊಟ್ಟಿತು. 1953ರ ಮೇ ತಿಂಗಳಲ್ಲಿ ಬೆಲ್ಜಿಯಮ್ಮಿನ ಯಾಬೆಕೆ ಹೆದ್ದಾರಿಯಲ್ಲಿ ರಿಚರ್ಡ್‌ಸನ್ನೇ, ಟ್ರಯಂಫ್ ಟಿಆರ್2 ಎಂದು ಹೆಸರಾದ ಈ ಕಾರನ್ನು ಏರಿ ಗಂಟೆಗೆ 200 ಕಿಲೋಮೀಟರ್ ದಾಟಿಸಿದ. ನೇಗಿಲೆಳೆಯುವ ಎಂಜಿನ್ನಿನ ಒಡಹುಟ್ಟು ಅದು! ಟ್ರ್ಯಾಕ್ಟರೇನೂ ಹಿಂದೆ ಬೀಳಲಿಲ್ಲ. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನೇ ಓಡಿಸಿಕೊಂಡು ದಕ್ಷಿಣ ಧ್ರುವ ಮುಟ್ಟಿದ.

ಇಷ್ಟರಲ್ಲಿ ವ್ಯಾನ್‌ಗಾರ್ಡ್ ಮದ್ರಾಸಿಗೂ ಬಂದಿತ್ತು. 1948ರಲ್ಲಿ ಅಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಹುಟ್ಟಿತು. ವಂಡಲೂರಿನ ಬಳಿ ಪೆರುಂಗಳತ್ತೂರಿನ ಕಾರ್ಖಾನೆಯಿಂದ ವ್ಯಾನ್‌ಗಾರ್ಡ್, ಆಮೇಲೆ ಸ್ಟ್ಯಾಂಡರ್ಡ್ ಟೆನ್, ಹೆರಾಲ್ಡ್, ಗೆಜೆಲ್ ಹೊರಬಂದವು. ಬೆಂಗಳೂರಿನ ರಸ್ತೆಗಳಲ್ಲೂ ಹೆರಾಲ್ಡ್ ಕಂಡವರು ಹಲವರು. 1970ರ ದಶಕ ಮುಗಿಯುವ ಹೊತ್ತಿಗೆ ಕಾರಿನ ಕೆಲಸ ಸೊರಗಿತ್ತು. ಕಂಪನಿ ಕೊನೆಯ ದಾಳ ಹಾಕಿತು. ಡೇವಿಡ್ ಬಾಷ್ ರೂಪಿಸಿದ, 1977ರಲ್ಲಿ ಯುರೋಪಿನ ವರ್ಷದ ಕಾರೆನಿಸಿಕೊಂಡ ರೋವರ್ ಎಸ್‌ಡಿ1ರ ಮೈಯನ್ನು ತಂದು, ನಮ್ಮ ರಸ್ತೆಗಳಿಗೆ ತಕ್ಕಂತೆ ತುಸು ಎತ್ತರಿಸಿ, 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂದು ಮಾರುಕಟ್ಟೆಗೆ ಬಿಟ್ಟಿತು. ಇಂಗ್ಲೆಂಡಿನಲ್ಲಿ ಆ ಮೈಯೊಳಗೆ 3528 ಸಿಸಿಯ ಎಂಟು ಸಿಲಿಂಡರಿನ ಎಂಜಿನ್ ಕೂಡ ಇರುತ್ತಿತ್ತು. ಮದ್ರಾಸಿನಲ್ಲಿ ಬಾನೆಟ್ ಎತ್ತಿದವರಿಗೆ ಕಂಡದ್ದು ನಾಲ್ಕೇ ಸಿಲಿಂಡರ್, 1991 ಸಿಸಿ. ಅದೇ ಹಳೆಯ ವ್ಯಾನ್‌ಗಾರ್ಡ್ ವಂಶ.

ಒಂದೇ ಎಂಜಿನ್ ಇಷ್ಟು ವೇಷ ಹಾಕಿದ ಗುಟ್ಟು ಅದರ ಸ್ಲೀವುಗಳಲ್ಲಿತ್ತು. ಸಾಮಾನ್ಯ ಎಂಜಿನ್ನಿನಲ್ಲಿ ಸಿಲಿಂಡರನ್ನು ಬ್ಲಾಕಿನಲ್ಲೇ ಕೊರೆದಿರುತ್ತಾರೆ. ಇದರಲ್ಲಿ ಬ್ಲಾಕ್ ಬರಿಯ ಹೊರಗೋಡೆ. ಒಳಗೆ ನಾಲ್ಕು ಕಬ್ಬಿಣದ ಕೊಳವೆಗಳು ನಿಲ್ಲುತ್ತವೆ, ತಣ್ಣೀರು ನೇರವಾಗಿ ಅವುಗಳ ಮೈ ಸವರಿಕೊಂಡು ಹರಿಯುತ್ತದೆ. ಫ್ರಾನ್ಸಿನ ಸಿಟ್ರೊಯೆನ್ ಈ ಬಗೆಯನ್ನು ಆಗಲೇ ಬಳಸಿತ್ತು. ಈ ಕೊಳವೆ ಅಥವಾ ಸ್ಲೀವ್ ಮತ್ತು ಪಿಸ್ಟನ್ ಬದಲಿಸಿದರೆ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಬದಲಾಯಿತು: 80 ಮಿಲಿಮೀಟರಿಗೆ 1850 ಸಿಸಿ, 83ಕ್ಕೆ 1991, 85ಕ್ಕೆ 2088. ಉಳಿದದ್ದನ್ನು ಕಾರ್ಬುರೇಟರ್, ಕ್ಯಾಮ್, ಗವರ್ನರ್, ಗೇರ್ ನೋಡಿಕೊಳ್ಳುತ್ತಿದ್ದವು. ಬದಲಾಗದೆ ಉಳಿದದ್ದು ಪಿಸ್ಟನ್ ಏರಿಳಿಯುವ 92 ಮಿಲಿಮೀಟರಿನ ಉದ್ದ, ಅಂದರೆ ಸ್ಟ್ರೋಕ್. ಬೋರಿಗಿಂತ ಸ್ಟ್ರೋಕ್ ಹೆಚ್ಚಿರುವ ಇಂಥ ಎಂಜಿನ್ ಮೆಲ್ಲಗೆ ತಿರುಗುತ್ತಲೇ ಜೋರಾಗಿ ಎಳೆಯುತ್ತದೆ, ತುಂಬ ವೇಗವಾಗಿ ತಿರುಗಲು ಒಲ್ಲದು. ಹೊಲಕ್ಕೆ, ಹೊರೆ ತುಂಬಿದ ಪಿಕಪ್ಪಿಗೆ ಅದೇ ವರ. ಹಗುರವಾದ ಟಿಆರ್2ಗೂ ನಡೆಯಿತು. ರೋವರಿನ ದೊಡ್ಡ ಮೈಯನ್ನು ಹೊತ್ತುಕೊಂಡು ಅದು ಏದುಸಿರು ಬಿಟ್ಟಿತು, ಪೆಟ್ರೋಲೂ ಕುಡಿಯಿತು. ಕೊಳ್ಳುವವರು ಹಿಂದೆ ಸರಿದರು. 1988ರಲ್ಲಿ ಸ್ಟ್ಯಾಂಡರ್ಡ್ 2000ರ ತಯಾರಿಕೆ ನಿಂತಿತು.