ಊಟ ಬದಲಾದಾಗ ದೇಹದಲ್ಲಿ ಏನಾಗುತ್ತದೆ?

ಕಳೆದ ತಿಂಗಳು ಐವತ್ತೆರಡು ವರ್ಷದ ಗೃಹಸ್ಥರೊಬ್ಬರನ್ನು ಅವರ ಪತ್ನಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುತ್ತಿರುವವರು. ಮನೆಮಂದಿಯೆಲ್ಲ ಸೇರಿ ಊಟದ ಕ್ರಮ ಬದಲಿಸಿದ್ದರು. ಬೆಳಿಗ್ಗೆ ಆರು ಇಡ್ಲಿಯ ಬದಲು ಎರಡು. ಮಧ್ಯಾಹ್ನ ಮೂರು ಸಲ ಬಡಿಸಿಕೊಳ್ಳುತ್ತಿದ್ದ ಅನ್ನದ ಜಾಗದಲ್ಲಿ ಸಣ್ಣದೊಂದು ರಾಗಿ ಮುದ್ದೆ, ಸೊಪ್ಪಿನ ಸಾರು, ಪಲ್ಯ. ಕಾಫಿಗೆ ಸಕ್ಕರೆ ಬಂದ್. ಒಂಬತ್ತನೆಯ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಕಚೇರಿಯಲ್ಲೇ ಮೈ ಬೆವರಿ, ಕೈಕಾಲು ನಡುಗಿ ಕುಸಿದು ಕುಳಿತರು. ಜೊತೆಯವರು ಸಕ್ಕರೆ ಕದಡಿದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. "ಹೊಟ್ಟೆಗೆ ಸಾಲದೆ ಹೀಗಾಯ್ತು ಡಾಕ್ಟ್ರೇ, ಮತ್ತೆ ಅನ್ನಕ್ಕೇ ಬಂದುಬಿಟ್ಟಿದ್ದೇವೆ" ಎಂದರು ಆಕೆ.

ಹೊಸ ಊಟ ಚೆನ್ನಾಗಿಯೇ ಕೆಲಸ ಮಾಡಿತ್ತು. ಆದರೆ ಅವರು ಬೆಳಿಗ್ಗೆ ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯ ಪ್ರಮಾಣವನ್ನು ನಿಗದಿ ಮಾಡಿದ್ದು ಹಳೆಯ ಊಟಕ್ಕೆ, ಆರು ಇಡ್ಲಿಗೆ. ಈ ಜಾತಿಯ ಮಾತ್ರೆಗಳು ಊಟ ಹೆಚ್ಚಿರಲಿ, ಕಡಿಮೆಯಿರಲಿ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಊಟ ಇಳಿದು ಮಾತ್ರೆ ಇಳಿಯದಿದ್ದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಜಾರಬಹುದು. ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಇದೇ ಮಾತು. ಇಂಥವರು ಪಥ್ಯ ಆರಂಭಿಸುವ ಮೊದಲೇ ತಮ್ಮ ವೈದ್ಯರಿಗೆ ತಿಳಿಸಬೇಕು. ಬೆವರು, ನಡುಕ, ಮಂಕು ಕಂಡ ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಸಾಗಿಸಿ.

ರಕ್ತದೊತ್ತಡದ ಮಾತ್ರೆಯವರದೂ ಹೆಚ್ಚುಕಡಿಮೆ ಇದೇ ಕಥೆ. ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಡ್ಯಾಶ್ ಎಂಬ ಪ್ರಸಿದ್ಧ ಅಧ್ಯಯನದಲ್ಲಿ ತರಕಾರಿ, ಹಣ್ಣು, ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥಗಳನ್ನು ಹೆಚ್ಚಿಸಿದಾಗ, ಅಧಿಕ ರಕ್ತದೊತ್ತಡವಿದ್ದವರಲ್ಲಿ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು. ಎರಡೇ ವಾರಗಳಲ್ಲಿ ಇಳಿತ ಕಾಣಿಸಿಕೊಂಡಿತ್ತು. ನಮ್ಮಲ್ಲಿ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ತಟ್ಟೆಯಿಂದ ಹೋದರೆ ಒತ್ತಡ ಇನ್ನಷ್ಟು ಇಳಿಯಬಹುದು. ಹಾಸಿಗೆಯಿಂದ ಎದ್ದೊಡನೆ ತಲೆ ಸುತ್ತಿದರೆ ಅದನ್ನು ಪಿತ್ತವೆಂದು ತಳ್ಳಿಹಾಕದೆ ಬಿ.ಪಿ. ನೋಡಿಸಿಕೊಳ್ಳಿ.

ಇನ್ನು ತೂಕದ ವಿಷಯ. ಮೊದಲ ವಾರದಲ್ಲೇ ಒಂದೆರಡು ಕೆ.ಜಿ. ಇಳಿದು ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಇಳಿದದ್ದು ಬಹುಪಾಲು ನೀರು. ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟದಲ್ಲಿ ಪಿಷ್ಟ ಕಡಿಮೆಯಾದಾಗ ದೇಹ ಈ ದಾಸ್ತಾನಿಗೆ ಕೈ ಹಾಕುತ್ತದೆ, ಹಿಡಿದಿದ್ದ ನೀರು ಮೂತ್ರವಾಗಿ ಹೊರಟುಹೋಗುತ್ತದೆ. ಮುಂದಿನ ಭಾನುವಾರ ಒಂದು ಮದುವೆ ಊಟ ಉಂಡರೆ ದಾಸ್ತಾನು ತುಂಬಿ, ಹೋದ ತೂಕ ಮರುದಿನವೇ ತಕ್ಕಡಿಯಲ್ಲಿ ಹಾಜರು. "ಅಷ್ಟು ಕಷ್ಟಪಟ್ಟದ್ದು ನೀರಿನಲ್ಲಿ ಹೋಮವಾಯಿತು" ಎಂದು ಕೈಬಿಡುವವರು ಬಹಳ. ಕೊಬ್ಬು ಕರಗುವುದು ನಿಧಾನ. ವಾರಕ್ಕೆ ಅರ್ಧ ಕೆ.ಜಿ. ಇಳಿದರೂ ಒಳ್ಳೆಯ ಪ್ರಗತಿಯೇ. ಕೆಲವು ತಿಂಗಳ ನಂತರ ಅದೂ ನಿಲ್ಲುತ್ತದೆ, ಏಕೆಂದರೆ ಹಗುರಾದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ.

ಹೆಚ್ಚು ಜನ ಸೋಲುವುದು ಹೊಟ್ಟೆಯುಬ್ಬರಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರಿನಂಶ ಮೂರು ಗ್ರಾಂಗಿಂತ ಕಡಿಮೆ, ರಾಗಿಯಲ್ಲಿ ಹನ್ನೊಂದು. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಸಾಕಷ್ಟು ಭಾಗವನ್ನು ಹುದುಗಿಸುವಾಗ ಗಾಳಿ ಹುಟ್ಟುತ್ತದೆ. ವರ್ಷಗಟ್ಟಲೆ ಅನ್ನ, ಮೈದಾ ತಿಂದವರು ಒಂದೇ ದಿನ ಮುದ್ದೆ, ಮೊಳಕೆಕಾಳು, ಹಸಿ ತರಕಾರಿಗಳಿಗೆ ಹಾರಿದರೆ ಹೊಟ್ಟೆ ಗುಡುಗುಟ್ಟದೆ ಇನ್ನೇನು ಮಾಡೀತು? "ರಾಗಿ ನನಗೆ ಒಗ್ಗೋದಿಲ್ಲ" ಎನ್ನುವವರಿಗೆ ನಾನು ಹೇಳುವುದಿಷ್ಟು: ಮೂರು ವಾರ ತೆಗೆದುಕೊಳ್ಳಿ, ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಕಾಳನ್ನು ರಾತ್ರಿ ನೆನೆಹಾಕಿ ಚೆನ್ನಾಗಿ ಬೇಯಿಸಿ. ನೀರು ಸಾಕಷ್ಟು ಕುಡಿಯಿರಿ, ಇಲ್ಲದಿದ್ದರೆ ಅದೇ ನಾರಿನಿಂದ ಮಲಬದ್ಧತೆ ಹೆಚ್ಚಾಗಬಹುದು. ಅಂದ ಹಾಗೆ ರಾಗಿಯೂ ಪಿಷ್ಟವೇ. ಅನ್ನ ಬಿಟ್ಟೆನೆಂಬ ಧೈರ್ಯದಲ್ಲಿ ಎರಡು ದೊಡ್ಡ ಮುದ್ದೆ ಮುರಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ.

ಕಾಫಿಯನ್ನು ಥಟ್ಟನೆ ಬಿಟ್ಟವರಿಗೆ ಒಂದೆರಡು ದಿನಗಳಲ್ಲಿ ತಲೆನೋವು ಬರಬಹುದು, ವಾರದೊಳಗೆ ಹೋಗುತ್ತದೆ. ಉಪ್ಪು ಇಳಿಸಿದ ಸಾರು ಸಪ್ಪೆಯೆನಿಸುವುದು ಎರಡು ಮೂರು ತಿಂಗಳು. ಆಮೇಲೆ ಹೋಟೆಲ್ ಸಾಂಬಾರೇ ಬಾಯಿ ಕಟ್ಟುವಷ್ಟು ಉಪ್ಪೆನಿಸುತ್ತದೆ!

ತಕ್ಕಡಿಗೆ ಕಾಣದ ಬದಲಾವಣೆಗಳನ್ನು ರಕ್ತಪರೀಕ್ಷೆ ತೋರಿಸುತ್ತದೆ. ಕೊಲೆಸ್ಟರಾಲ್ ಇಳಿದಿದೆಯೇ ಎಂದು ನೋಡಲು ಒಂದೂವರೆ ತಿಂಗಳಾದರೂ ಬಿಡಬೇಕು. ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಮೂರು ತಿಂಗಳು, ಏಕೆಂದರೆ ಕೆಂಪು ರಕ್ತಕಣದ ಆಯುಷ್ಯವೇ ಸುಮಾರು 120 ದಿನ. ಯಕೃತ್ತಿನಲ್ಲಿ ಕೊಬ್ಬು ತುಂಬಿದವರಿಗೆ ದೇಹತೂಕದ ನೂರಕ್ಕೆ ಐದರಷ್ಟು ಇಳಿದರೂ ಲಾಭವುಂಟು. ಬೇಗ ಇಳಿಸುವ ಹಟದಿಂದ ಉಪವಾಸ ಬೀಳುವುದು ಬೇಡ. ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಎರಡು ಮೂರು ತಿಂಗಳ ನಂತರ ಕೂದಲೂ ಉದುರಬಹುದು.

ಮೂತ್ರಪಿಂಡದ ತೊಂದರೆ ಇರುವವರು ಸೊಪ್ಪು, ಎಳನೀರುಗಳನ್ನು ತಾವಾಗಿಯೇ ಹೆಚ್ಚಿಸಬಾರದು. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುತ್ತದೆ. ಅದು ಅವರ ರಕ್ತದಲ್ಲಿ ಏರಿದರೆ ಹೃದಯಕ್ಕೆ ಅಪಾಯ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಬದಲಿಸಿದರೆ ಔಷಧದ ಲೆಕ್ಕ ತಪ್ಪುತ್ತದೆ.

ನಮ್ಮ ಗೃಹಸ್ಥರ ಮಾತ್ರೆಯನ್ನು ಅರ್ಧಕ್ಕಿಳಿಸಿ, ಎರಡು ವಾರ ದಿನವೂ ಸಕ್ಕರೆ ಬರೆದಿಡಲು ಹೇಳಿದೆ. ಮತ್ತೆ ಮುದ್ದೆ, ಸೊಪ್ಪಿನ ಸಾರಿಗೆ ಮರಳಿದ್ದಾರೆ. ಮೊನ್ನೆ ತಂದ ಪಟ್ಟಿಯಲ್ಲಿ 80ಕ್ಕಿಂತ ಕೆಳಗಿನ ಅಂಕಿ ಒಂದೂ ಇರಲಿಲ್ಲ. ಹೊರಡುವಾಗ ಪತ್ನಿ ಕೇಳಿದ್ದು ಒಂದೇ ಪ್ರಶ್ನೆ, ಹಬ್ಬದ ದಿನ ಒಂದು ಹೋಳಿಗೆ ಕೊಡಬಹುದೇ ಎಂದು. ಒಂದು ಕೊಡಿ, ಅಂದು ಅನ್ನ ಬಡಿಸಬೇಡಿ ಎಂದೆ.